ಎಡಕ್ಕೆ ಬಲ ಹಾಕಿ, ಭಾವ!

ಸೈಕಲ್ಲಿನ ಬಗ್ಗೆ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಘನವಾದ ನಂಬಿಕೆಯಲ್ಲಿ ನಾನು ಬಹುಕಾಲ ಸುಖವಾಗಿದ್ದೆ. ಈ ನಂಬಿಕೆಗೆ ಆಧಾರವೂ ಇತ್ತು. ನಾನು ಕಾಪುವಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರು. ಕೆಲಸಕ್ಕೆ ಸೇರಿದಂದಿನಿಂದ ಪ್ರತಿವರ್ಷವೂ ಕರಿಹಲಗೆಯ ಮೇಲೆ ಸೈಕಲ್ ಬಿಡಿಸಿ ಮಕ್ಕಳಿಗೆ ಕಲಿಸಿದವನು. ಎರಡು ವೃತ್ತ, ನಡುವೆ ಒಂದಿಷ್ಟು ತ್ರಿಕೋನ, ಮೇಲೊಂದು ಸೀಟು. ನಾನು ಬಿಡಿಸಿದ ಸೈಕಲ್ಲುಗಳಲ್ಲಿ ಇಂದಿನವರೆಗೆ ಒಂದಾದರೂ ಪಂಕ್ಚರ್ ಆದದ್ದುಂಟೇ? ಒಂದರದ್ದಾದರೂ ಚೈನು ಕಳಚಿದ್ದುಂಟೇ? ಇಲ್ಲ!

ಹಾಗಾಗಿ ಅಬುಧಾಬಿಯಿಂದ ದಿನೇಶ ಫೋನು ಮಾಡಿ, "ಭಾವ, ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕಿತ್ತು" ಎಂದಾಗ ನಾನು ಪೂರ್ತಿ ಕೇಳುವ ಮೊದಲೇ "ಆಯ್ತು" ಎಂದುಬಿಟ್ಟೆ.

ದಿನೇಶನೆಂದರೆ ನನ್ನ ಹೆಂಡತಿ ಸುಮತಿಯ ತಮ್ಮ. ಅಲ್ಲಿ ಯಾವುದೋ ಗೋದಾಮಿನಲ್ಲಿ ಕೆಲಸ. ಕಳೆದ ಸಲ ರಜೆಯಲ್ಲಿ ಬರುವಾಗ ಉಳಿದವರೆಲ್ಲ ಕಂಬಳಿ, ಸೆಂಟು, ಖರ್ಜೂರ ತಂದರೆ ಇವನು ಕಂಬಳಿಯೊಳಗೆ ಸುತ್ತಿ ಒಂದು ಸೈಕಲ್ ತಂದಿದ್ದ. ಹಸಿರು ಬಣ್ಣದ, ಉಕ್ಕಿನ ಫ್ರೇಮಿನ ಟೂರಿಂಗ್ ಸೈಕಲ್. ಸಾಮಾನು ಕಟ್ಟಿಕೊಂಡು ಊರೂರು ತಿರುಗಲೆಂದೇ ಮಾಡಿದ್ದು. ಸ್ವದೇಶಕ್ಕೆ ಹೊರಟಿದ್ದ ಯಾರೋ ಬಿಳಿಯ ಮುದುಕರು ಇವನಿಗೆ ಪ್ರೀತಿಯಿಂದ ಕೊಟ್ಟು ಹೋದದ್ದಂತೆ. ಆ ಜಾತಿಯ ಫ್ರೇಮು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲವಂತೆ. ಕಾಪುವಿನ ಕಡಲ ಬದಿಯಿಂದ ಹೊರಟು, ಕಾರ್ಕಳ ದಾಟಿ, ಬಜಗೋಳಿಯಲ್ಲಿ ಚಾ ಕುಡಿದು, ಅಲ್ಲಿಂದ ಕುದುರೆಮುಖದ ಘಾಟಿಯನ್ನು ಆ ಸೈಕಲ್ಲಿನಲ್ಲಿ ಹತ್ತಬೇಕು. ಮರಳುಗಾಡಿನಲ್ಲಿ ಕೂತು ಅವನು ಕಾಣುತ್ತಿದ್ದ ಕನಸು ಇದೊಂದೇ.

ಆದರೆ ಸೈಕಲ್ಲಿನಲ್ಲಿ ಎರಡು ಅಂಗಗಳಿರಲಿಲ್ಲ. ಒಂದು ಕ್ರ್ಯಾಂಕ್ ಸೆಟ್. ಅಂದರೆ ಪೆಡಲು ಸಿಕ್ಕಿಸುವ ಎರಡು ಕೈಗಳು ಮತ್ತು ಚೈನು ಓಡುವ ಹಲ್ಲಿನ ಚಕ್ರಗಳು. ಇನ್ನೊಂದು ಬಾಟಮ್ ಬ್ರ್ಯಾಕೆಟ್. ಆ ಕೈಗಳನ್ನು ಹೊತ್ತು ತಿರುಗುವ ಅಚ್ಚು. ಫ್ರೇಮಿನ ತಳದಲ್ಲಿರುವ ಗಿಡ್ಡ ಕೊಳವೆಯೊಳಗೆ ಇದನ್ನು ತಿರುಪಿ ಕೂರಿಸಬೇಕು. ಹಳೆಯವು ಸವೆದಿದ್ದುದರಿಂದ ದಿನೇಶ ಅವೆರಡನ್ನೂ ಬಿಚ್ಚಿಟ್ಟು, ಸೈಕಲ್ಲನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದ.

"ಅಷ್ಟು ತೆಗೊಂಡು ಹಾಕಿಸಿಟ್ಟರೆ ಸಾಕು ಭಾವ. ಬಂದ ಮರುದಿನವೇ ನಾವಿಬ್ಬರೂ ಹೊರಡುವ."

"ನೀನು ಬಂದು ಹತ್ತಿ ಕೂತ್ಕೊಳ್ಳುವುದೊಂದೇ ಬಾಕಿ" ಎಂದೆ.

ಫೋನು ಇಟ್ಟ ಮೇಲೆ ಸುಮತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು.

"ನೋಡಿ ಮಾರಾಯ್ರೆ, ಅದು ನನ್ನ ತಮ್ಮನ ಸೈಕಲ್. ಅವ ಅಲ್ಲಿ ಬಿಸಿಲಲ್ಲಿ ಬೇಯುವಾಗ ಅದನ್ನೇ ನೆನೆಸಿಕೊಂಡು ದಿನ ಕಳೀತಾನೆ. ಅದಕ್ಕೆ ಎಂತಾದ್ರೂ ಆದ್ರೆ…"

"ಎಂತ ಆಗ್ತದೆ?"

"ನೀವು ಮಿಕ್ಸಿ ರಿಪೇರಿ ಮಾಡಿದಾಗ ಎಂತ ಆಯ್ತು?"

ಮಿಕ್ಸಿಯ ವಿಷಯ ಇಲ್ಲಿ ಅಪ್ರಸ್ತುತ.

ಮರುದಿನವೇ ಉಡುಪಿಗೆ ಹೊರಟೆ. ಬಸ್ಸು ಕಟಪಾಡಿ ದಾಟುವಾಗ ದಿನೇಶನ ಫೋನು ಬಂತು. ಬಸ್ಸಿನೊಳಗೆ ಹಾಡು, ಹೊರಗೆ ಹಾರ್ನು. ನಾನು ಗಂಟಲು ಎತ್ತರಿಸಲೇಬೇಕಾಯಿತು.

"ಎಂತ? ನಲವತ್ತೆಂಟು ಹಲ್ಲಾ?"

ಮುಂದೆ ಮೂರು ಚಕ್ರಗಳಿರುವ ಕ್ರ್ಯಾಂಕೇ ಬೇಕು, ದೊಡ್ಡದಕ್ಕೆ ನಲವತ್ತೆಂಟು ಹಲ್ಲು, ಚಿಕ್ಕದಕ್ಕೆ ಇಪ್ಪತ್ತಾರು ಎಂದು ಅವನು ಆ ಕಡೆಯಿಂದ ಹೇಳುತ್ತಿದ್ದ.

"ಇಪ್ಪತ್ತಾರು ತೀರಾ ಕಮ್ಮಿ ಆಗ್ಲಿಲ್ವಾ? ನೋಡುವವರು ಎಂತ ಹೇಳ್ತಾರೆ?… ಹಾಂ, ಹಳೇ ಸೆಟ್ಟು ಕಂಡಿದ್ದೇನೆ. ಹಲ್ಲೆಲ್ಲ ಸವೆದು ಹೋಗಿದೆ… ಆಯ್ತು, ಹೊಸ ಸೆಟ್ಟೇ ಹಾಕಿಸುವ."

ಫೋನು ಕಿಸೆಗಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ನನ್ನನ್ನು ಅಪಾರ ಕನಿಕರದಿಂದ ನೋಡುತ್ತಿದ್ದರು.

"ಹೊಸ ಸೆಟ್ಟಾ?"

"ಹೌದು."

"ಮೇಲಿನದ್ದಾ, ಕೆಳಗಿನದ್ದಾ?"

"ಕೆಳಗಿನದ್ದು" ಎಂದೆ. ಬಾಟಮ್ ಎಂದರೆ ಕೆಳಗಿನದ್ದೇ ತಾನೇ!

"ನಲವತ್ತೆಂಟು ಬಾಯಲ್ಲಿ ಹಿಡಿಯುವುದಿಲ್ಲ ಮಾರಾಯ್ರೆ. ಯಾರೋ ನಿಮ್ಮನ್ನು ಮಂಗ ಮಾಡ್ತಿದ್ದಾರೆ. ಇದು ನೋಡಿ" ಎಂದವರೇ ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು ಅಂಗೈಯ ಮೇಲಿಟ್ಟು ನನ್ನ ಮೂಗಿನ ಹತ್ತಿರ ಹಿಡಿದರು. ಆಮೇಲಿನ ಮಾತು ಬರೀ ಗಾಳಿಯಲ್ಲಿ ಬಂತು. "ಮಣಿಪಾಲಕ್ಕೆ ಹೋಗಿ. ಅಲ್ಲಿ ಹಲ್ಲಿನ ಕಾಲೇಜಲ್ಲಿ ಕಲಿಯುವ ಮಕ್ಕಳು ಮಾಡಿ ಕೊಡ್ತಾರೆ. ಒಳ್ಳೇದಾಗ್ತದೆ."

"ಇದು ಸೈಕಲ್ಲಿಗೆ" ಎಂದೆ ವಿನಯದಿಂದ.

ಅವರು ಸೆಟ್ಟನ್ನು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆಗೆ ತಿರುಗಿದರು. ಉಡುಪಿ ಬರುವವರೆಗೂ ಈ ಕಡೆ ನೋಡಲಿಲ್ಲ!

ಸೈಕಲ್ ಅಂಗಡಿ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿತ್ತು. ಮಣಿಪಾಲದ ಕಾಲೇಜು ಮಕ್ಕಳು ದುಬಾರಿ ಸೈಕಲ್ಲುಗಳನ್ನು ರಿಪೇರಿಗೆ ತರುವುದು ಇಲ್ಲಿಗೇ. ಯಜಮಾನರು ಕಾಮತರು. ನಾನು ಬರಿಗೈಯಲ್ಲಿ ಹೋಗಿರಲಿಲ್ಲ. ಬೇಕಾದ ವಸ್ತುವಿನ ಚಿತ್ರವನ್ನೇ ಪೆನ್ಸಿಲಿನಲ್ಲಿ ಬಿಡಿಸಿ ತಂದಿದ್ದೆ. ಬಾಟಮ್ ಬ್ರ್ಯಾಕೆಟ್ಟಿನ ಎಡಬದಿಗೆ ಬೆಳಕು, ಬಲಬದಿಗೆ ನೆರಳು, ಹಿನ್ನೆಲೆಯಲ್ಲಿ ಒಂದು ತೆಂಗಿನಮರ.

ಕಾಮತರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚಕ್ಕುಲಿ ಒತ್ತುವುದಾ? ಪಾತ್ರೆ ಅಂಗಡಿ ಕೆಳಗೆ ಉಂಟು."

"ಅಲ್ಲ, ಬಾಟಮ್ ಬ್ರ್ಯಾಕೆಟ್. ಟೂರಿಂಗ್ ಸೈಕಲ್ಲಿಗೆ."

"ಟೂರು ಎಲ್ಲಿಗೆ?"

"ಬಜಗೋಳಿಗೆ."

"ಬಜಗೋಳಿಗೆ ಬಸ್ಸುಂಟಲ್ಲ!"

ಮಾಳಿಗೆಯ ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇನ್ನೂ ಏದುಸಿರು ಬಿಡುತ್ತಿದ್ದೆ.

"ಅದಿರಲಿ, ಬಿ.ಬಿ. ಎಷ್ಟು?" ಎಂದರು ಕಾಮತರು.

ಇಲ್ಲಿ ಓದುಗರಿಗೆ ಒಂದು ಮಾತು ತಿಳಿಸಬೇಕು. ಬಾಟಮ್ ಬ್ರ್ಯಾಕೆಟ್ಟಿಗೆ ಅಂಗಡಿಯವರು ಚಿಕ್ಕದಾಗಿ ಬಿ.ಬಿ. ಎನ್ನುತ್ತಾರೆ, ಅದರ ಅಚ್ಚಿನ ಉದ್ದವನ್ನು ಮಿಲ್ಲಿಮೀಟರಿನಲ್ಲಿ ಕೇಳುತ್ತಾರೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ನನ್ನ ಕಿವಿಗೆ ಬಿದ್ದದ್ದು ಬಿ.ಪಿ. ಗಿರಾಕಿಯ ಏದುಸಿರು ಕಂಡು ಆರೋಗ್ಯ ವಿಚಾರಿಸುವ ಅಂಗಡಿಯವರು ಈ ಕಾಲದಲ್ಲೂ ಇದ್ದಾರಲ್ಲ ಎಂದು ನನಗೆ ಮನಸ್ಸು ತುಂಬಿ ಬಂತು.

"ನೂರ ನಲವತ್ತು" ಎಂದೆ.

"ಅಷ್ಟಾ! ಅದು ತುಂಬ ಜಾಸ್ತಿ ಆಯ್ತು."

"ಹೌದು. ನನ್ನ ಹೆಂಡತಿಯೂ ಅದೇ ಹೇಳುವುದು."

"ಓ, ಅವರಿಗೂ ಇದೆಲ್ಲ ಗೊತ್ತಾಗ್ತದಾ?"

"ಮನೆಯಲ್ಲಿ ಮಿಷನು ಉಂಟಲ್ಲ. ಅವಳೇ ನೋಡುವುದು."

ಕಾಮತರು ಗೌರವದಿಂದ ತಲೆದೂಗಿದರು. "ನೂರ ನಲವತ್ತೆಲ್ಲ ಬೇಡ ಮಾರಾಯ್ರೆ. ಸಾಧಾರಣ ನೂರ ಹತ್ತು, ನೂರ ಹದಿಮೂರು ಇರ್ತದೆ. ಹೆಚ್ಚೆಂದ್ರೆ ನೂರ ಇಪ್ಪತ್ತೆರಡು."

"ನಮ್ಮ ಡಾಕ್ಟ್ರು ಕೂಡ ನೂರ ಇಪ್ಪತ್ತೆರಡಕ್ಕೆ ತನ್ನಿ ಅಂತಲೇ ಹೇಳಿದ್ದು."

"ಡಾಕ್ಟ್ರು ಸೈಕಲ್ ಬಿಡ್ತಾರಾ?"

"ಬಿಡ್ತಾರೆ. ನನಗೂ ಬಿಡಲಿಕ್ಕೆ ಹೇಳಿದ್ದಾರೆ."

"ಹಾಗಾದ್ರೆ ನೂರ ಇಪ್ಪತ್ತೆರಡೇ ಕೊಡ್ತೇನೆ. ತಿಳಿದವರು ಹೇಳಿದ ಮೇಲೆ ಮತ್ತೆಂತ!"

ಹೀಗೆ ನನ್ನ ರಕ್ತದೊತ್ತಡವನ್ನು ಒಂದು ಪುಟ್ಟ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಕೈಗೆ ಕೊಟ್ಟರು.

ಇನ್ನು ಕ್ರ್ಯಾಂಕ್ ಸೆಟ್. ಕಾಮತರು ಎರಡನ್ನು ಮೇಜಿನ ಮೇಲಿಟ್ಟರು. ಒಂದು ಕಪ್ಪಗೆ, ಮೂರು ಚಕ್ರಗಳದ್ದು. ಅದರ ಚಿಕ್ಕ ಚಕ್ರವಂತೂ ನೀರುದೋಸೆ ತಿನ್ನುವ ತಟ್ಟೆಯ ಪಕ್ಕದ ಚಟ್ನಿ ಬಟ್ಟಲಿನಷ್ಟಿತ್ತು. ಇನ್ನೊಂದು ಬೆಳ್ಳಿಯ ಹಾಗೆ ಹೊಳೆಯುವ, ಎರಡೇ ಚಕ್ರಗಳ, ಆದರೆ ಅಗಲವಾದ, ಗಂಭೀರವಾದ, ನೋಡಿದರೆ ಕೈಮುಗಿಯಬೇಕೆನಿಸುವಂಥದ್ದು. ದಿನೇಶ ಮೂರು ಚಕ್ರ ಎಂದಿದ್ದನೇನೋ ನಿಜ. ಆದರೆ ಅವನು ಗೋದಾಮಿನವನು. ನಾನು ಕಲಾವಿದ! ಅಲ್ಲದೆ ಘಾಟಿ ಹತ್ತಲು ಚಟ್ನಿ ಬಟ್ಟಲು ಎಲ್ಲಿ ಸಾಕಾಗುತ್ತದೆ? ದೊಡ್ಡ ಗುಡ್ಡಕ್ಕೆ ದೊಡ್ಡ ಚಕ್ರವೇ ಬೇಕೆಂಬುದು ಸಾಮಾನ್ಯ ಜ್ಞಾನ.

ಹೊಳೆಯುವುದನ್ನೇ ತಂದೆ. ಫೋಟೋ ತೆಗೆದು ದಿನೇಶನಿಗೆ ಕಳಿಸಿದೆ. ಕೂಡಲೇ ಫೋನು ಬಂತು.

"ಭಾವ, ಇದು ರೇಸಿನದ್ದು."

"ಒಳ್ಳೇದೇ ಆಯ್ತಲ್ಲ. ಬೇಗ ಮುಟ್ಟಬಹುದು."

"ಸಮತಟ್ಟಿಗೆ ಒಳ್ಳೇದು. ಮುಂದಿನ ಚಕ್ರ ದೊಡ್ಡದಾದಷ್ಟು ತುಳಿಯುವುದು ಭಾರ. ಘಾಟಿಗೆ ಚಿಕ್ಕ ಚಕ್ರವೇ ಬೇಕು ಭಾವ. ಇದರಲ್ಲಿ ಹತ್ತಲಿಕ್ಕೆ ಹೋದ್ರೆ ನಮ್ಮಿಬ್ಬರನ್ನೂ ಜೀಪಲ್ಲಿ ಮಲಗಿಸಿ ಕೆಳಗೆ ತರಬೇಕು."

ಮತ್ತೆ ಉಡುಪಿ. ಕಾಮತರು ನಗುನಗುತ್ತ ಬದಲಿಸಿಕೊಟ್ಟರು. ಕಪ್ಪಗಿನ ಮೂರು ಚಕ್ರದ್ದು ಮನೆಗೆ ಬಂತು. ಮತ್ತೆ ಫೋಟೋ. ಜೊತೆಗೆ ಅಚ್ಚಿನ ಪೆಟ್ಟಿಗೆಯದ್ದೂ ಒಂದು. ಈ ಸಲ ದಿನೇಶನ ಧ್ವನಿಯಲ್ಲಿ ಭಕ್ತಿಯಿತ್ತು.

"ಭಾವ! ನೂರ ಇಪ್ಪತ್ತೆರಡರ ಅಚ್ಚು! ಈ ಮೂರು ಚಕ್ರಕ್ಕೆ ಅದೇ ಬೇಕಾದದ್ದು. ನಾನು ಉದ್ದ ಹೇಳಲಿಕ್ಕೇ ಮರೆತಿದ್ದೆ. ಹೇಗೆ ಗೊತ್ತಾಯ್ತು ನಿಮಗೆ?"

"ಅನುಭವ" ಎಂದೆ.

ನನ್ನನ್ನು ಕೆಡಿಸಿದ್ದು ಈ ಒಂದು ಹೊಗಳಿಕೆ. ಫ್ರೇಮನ್ನು ತಂದರೆ ತಾವೇ ಕೂರಿಸಿ ಕೊಡುತ್ತೇವೆ ಎಂದು ಕಾಮತರು ಎರಡೆರಡು ಸಲ ಹೇಳಿದ್ದರು. ಆದರೆ ಅನುಭವಸ್ಥನಾದ ನಾನು ಇನ್ನೊಬ್ಬರ ಕೈಕಾಯುವುದೇ? ದಿನೇಶ ಬಿಟ್ಟುಹೋದ ಟೂಲುಗಳ ಚೀಲ ಮನೆಯಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಶಸ್ತ್ರಚಿಕಿತ್ಸೆಗೆ ಕುಳಿತೆ. ಅಮ್ಮ ಬಂದು ಹೊಸ ಸಾಮಾನುಗಳಿಗೆ ಕುಂಕುಮವಿಟ್ಟು, ಮೇಲೊಂದು ದಾಸವಾಳ ಇಟ್ಟು ಹೋದರು.

ಕೈಹಚ್ಚುವ ಮೊದಲು ದಿನೇಶನಿಗೆ ಒಂದು ಫೋನು ಹಚ್ಚಿದೆ.

"ನೀವೇ ಹಾಕ್ತೀರಾ?" ಎಂದು ಎರಡು ಸಲ ಕೇಳಿದ. "ಹಾಗಾದ್ರೆ ಒಂದು ನೆನಪಿಡಿ ಭಾವ. ಸೈಕಲ್ಲಿನ ಬಲಬದಿಯದ್ದು ಉಳಿದ ತಿರುಪಿನ ಹಾಗಲ್ಲ. ಎಡಕ್ಕೆ ತಿರುಗಿಸಿದ್ರೆ ಬಿಗಿ ಆಗುವುದು. ಎಡಕ್ಕೆ ಬಲ ಹಾಕಿ."

"ಎಡಕ್ಕಾ, ಬಲಕ್ಕಾ?"

"ಎಡಕ್ಕೆ ಬಲ!"

"ಎರಡೂ ಹೇಳಬೇಡ ಮಾರಾಯ. ಒಂದು ಹೇಳು."

"ಬಲಕ್ಕೆ ಅಲ್ಲ ಭಾವ, ಬಲ! ಶಕ್ತಿ! ಬಲಬದಿಯದ್ದಕ್ಕೆ ಎಡಕ್ಕೆ ಬಲ, ಎಡಬದಿಯದ್ದಕ್ಕೆ ಬಲಕ್ಕೆ ಬಲ. ಫ್ರೇಮಿನ ಥ್ರೆಡ್, ಆ ಕೊಳವೆಯೊಳಗಿನ ತಿರುಪಿನ ಗೀರು, ಹಾಳಾದ್ರೆ ಸೈಕಲ್ಲೇ ಹೋದ ಹಾಗೆ. ಅದೊಂದು ಜಾಗ್ರ…"

ಅಷ್ಟರಲ್ಲಿ ಅಲ್ಲಿ ಯಾರೋ ಅವನನ್ನು ಕೆಲಸಕ್ಕೆ ಕರೆದರು. ಫೋನು ಕಟ್ಟಾಯಿತು.

ನಾನೇನೂ ತೀರಾ ದಡ್ಡನಲ್ಲ. ಬಲಬದಿಯದ್ದನ್ನು ಕೊಳವೆಗಿಟ್ಟು ಎಡಕ್ಕೇ ತಿರುಗಿಸಿದೆ. ಏನಾಶ್ಚರ್ಯ! ಬೆರಳಲ್ಲೇ ತಿರುಗಿತು. ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು. ಸಲೀಸಾಗಿ, ಸದ್ದಿಲ್ಲದೆ, ಗಾದಿಯ ಮೇಲೆ ದೊಡ್ಡ ಮನುಷ್ಯರು ಕೂತಂತೆ ಕೂರುತ್ತಿತ್ತು. ದೇವರ ದಯೆಯಿಂದ ಆಗ ಯಾರೂ ಬಾರದೆ ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಎಂತ ಮಾಡ್ತಿದ್ದಿ ನೀನು?"

ಅಮ್ಮ ಚಾವಡಿಯ ಮೆಟ್ಟಿಲಲ್ಲಿ ನಿಂತಿದ್ದರು. ನನ್ನ ಕೈಯನ್ನೇ ನೋಡುತ್ತಿದ್ದರು.

"ಎಡಸು‌ತ್ತು! ಹೊಸ ಸಾಮಾನಿಗೆ ಮೊದಲ ಸುತ್ತೇ ಎಡಸುತ್ತಾ? ಸತ್ತವರ ಕಾರ್ಯಕ್ಕೆ ಎಡಸುತ್ತು ಬರುವುದು. ಆ ಹುಡುಗ ಇದರಲ್ಲಿ ಘಾಟಿ ಹತ್ತಲಿಕ್ಕುಂಟು. ಬಿಚ್ಚು! ಬಿಚ್ಚು ಅದನ್ನು!"

"ಅಮ್ಮ, ಇದು ಹೀಗೇ ಅಂತೆ. ದಿನೇಶನೇ ಹೇಳಿದ್ದು."

"ದಿನೇಶ ಹೇಳಿದ್ದು ಎಂತ?"

"ಎಡಕ್ಕೆ ಬಲ ಹಾಕಿ ಅಂತ."

"ಮತ್ತೆ? ಸರಿಯಾಗಿಯೇ ಹೇಳಿದ್ದಾನಲ್ಲ! ನೀನು ಎಡ ಹಾಕ್ತಿ ಅಂತ ಅವನಿಗೆ ಅಲ್ಲಿಂದಲೇ ಗೊತ್ತಾಗಿದೆ. ಅದಕ್ಕೆ, ಎಡ ಹಾಕುವಲ್ಲಿ ಬಲ ಹಾಕಿ ಅಂತ ಹೇಳಿದ್ದು. ಬುದ್ಧಿ ಇರುವ ಹುಡುಗ."

ನನಗೆ ಮಾತಾಡಲು ಕಲಿಸಿದ್ದೇ ಅಮ್ಮ. ಭಾಷೆಯ ವಿಷಯದಲ್ಲಿ ಅವರಿಗೆ ಎದುರಾಡುವುದುಂಟೇ? ಯೋಚಿಸಿದಷ್ಟೂ ಅವರು ಹೇಳಿದ್ದೇ ಸರಿಯೆನಿಸಿತು. ಸರಿಯಾಗಿ ಹೋಗುತ್ತಿದ್ದ ಅಚ್ಚನ್ನು ಬಿಚ್ಚಿ, ಒರೆಸಿ, ಪುನಃ ಇಟ್ಟು ಬಲಕ್ಕೆ ತಿರುಗಿಸತೊಡಗಿದೆ. ಅಮ್ಮ ತೃಪ್ತಿಯಿಂದ ಮೆಟ್ಟಿಲಲ್ಲೇ ಕುಳಿತರು.

ಆದರೆ ಅಚ್ಚು ಒಳಗೆ ಹೋಗಲಿಲ್ಲ. ತಿರುಗಿತು, ತಿರುಗುತ್ತಲೇ ಇತ್ತು. ದೇವಸ್ಥಾನದ ಹೊರಗೆ ಪ್ರದಕ್ಷಿಣೆ ಬರುವವರ ಹಾಗೆ ಸುತ್ತುವುದೇ ಹೊರತು ಒಳಗೆ ಕಾಲಿಡುವ ಲಕ್ಷಣವಿಲ್ಲ.

ಆಗ ಕಂಪೌಂಡಿನ ಆಚೆಯಿಂದ ಹಮೀದಾಕ ಇಣುಕಿದರು. ಹಮೀದಾಕ ನಮ್ಮ ನೆರೆಮನೆಯವರು. ಪೇಟೆಯಲ್ಲಿ ಗುಜರಿ ಅಂಗಡಿ. ಕಬ್ಬಿಣದ ಸದ್ದು ಕೇಳಿದರೆ ಅವರಿಗೆ ಮನೆಯೊಳಗೆ ಕುಳಿತಿರಲು ಆಗುವುದಿಲ್ಲ.

"ಎಂತ ಮಾಸ್ಟ್ರೇ, ಒಳಗೆ ಹೋಗುದಿಲ್ವಾ?"

"ಹಟ ಮಾಡ್ತಾ ಉಂಟು ಹಮೀದಾಕ."

"ಹೊಸದಲ್ವಾ, ಹಾಗೇ. ಸ್ವಲ್ಪ ಹೆದರಿಸಬೇಕು" ಎಂದು ಒಂದು ಸುತ್ತಿಗೆ, ಒಂದು ಮರದ ತುಂಡು, ಒಂದಾಳುದ್ದದ ಪೈಪು ಹಿಡಿದುಕೊಂಡು ಬಂದರು. ಮರದ ತುಂಡನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಎರಡು ಬಿಟ್ಟರು. ಅಚ್ಚು ಹೆದರಿ ಅರ್ಧ ಬೆರಳಿನಷ್ಟು ಒಳಗೆ ಹೋಯಿತು. "ಕಂಡ್ರಾ?" ಎಂದರು. ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಿದರು. ಒಂದು ತುದಿಯಲ್ಲಿ ನಾನು, ನನ್ನ ಹಿಂದೆ ಅವರು.

"ಬಲ ಹಾಕಿ ಮಾಸ್ಟ್ರೇ!"

"ಬಲಕ್ಕೇ ಹಾಕ್ತಿದ್ದೇನೆ!"

ಕರ್ರ್ರ್‌! ಕಾಪುವಿನ ಕಾಗೆಗಳೆಲ್ಲ ಒಮ್ಮೆಲೇ ಮೇಲೆದ್ದವು. ಅಚ್ಚು ಒಳಗೆ ಹೋಗಿತ್ತು. ಮಾವಿನಕಾಯಿಗೆ ಕತ್ತಿ ಅಡ್ಡ ಸಿಕ್ಕಿಕೊಂಡ ಹಾಗೆ, ಓರೆಯಾಗಿ. ಮತ್ತೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ತೆಂಗಿನೆಣ್ಣೆ ಹೊಯ್ದೆವು. ಬಿಸಿನೀರು ಹೊಯ್ದೆವು. ಹಮೀದಾಕ ತಮ್ಮ ಭಾಷೆಯಲ್ಲಿ ಏನೋ ಎರಡು ಮಾತು ಆಡಿದರು. ಅದು ಪ್ರಾರ್ಥನೆಯಾಗಿರಲಿಲ್ಲ. ಕೊನೆಗೆ ಪೈಪನ್ನು ಹೆಗಲಿಗೇರಿಸಿ, "ಬಿಗಿಯಂತೂ ಆಯ್ತು. ಬೀಳುವ ಹೆದರಿಕೆ ಇಲ್ಲ" ಎಂದು ಸಮಾಧಾನ ಹೇಳಿ ಮನೆಗೆ ಹೋದರು.

ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು ಇಷ್ಟೇ. "ಪಾಪ, ಮಾಸ್ಟ್ರ ಬಾಟಮ್ ಜಾಮಾಗಿದೆ. ಎಷ್ಟು ತಿಣುಕಿದ್ರೂ ಬರುದಿಲ್ಲ."

ಸಂಜೆ ಅವರ ಮನೆಯಿಂದ ಒಂದು ದೊಡ್ಡ ಹಣ್ಣು ಪಪ್ಪಾಯಿ ಬಂತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ತಿನ್ನಬೇಕಂತೆ!

ಸುಮತಿ ಪಪ್ಪಾಯಿಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ಆಮೇಲೆ ಅಂಗಳಕ್ಕಿಳಿದು ಸೈಕಲ್ಲಿನ ಹತ್ತಿರ ಕೂತಳು. ಬೈಯಲಿಲ್ಲ. ಅವಳು ಬೈಯದಿದ್ದರೆ ನನಗೆ ಭಯ ಜಾಸ್ತಿ.

"ಅವನಿಗೆ ಯಾರು ಹೇಳುವುದು?" ಎಂದಳು.

"ನಾನೇ ಹೇಳ್ತೇನೆ. ನಿಧಾನಕ್ಕೆ."

ನಿಧಾನಕ್ಕೆ ಎಂದರೆ ಅವನು ಬಂದು, ಇದ್ದು, ವಾಪಸು ಹೋದ ಮೇಲೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಸೈಕಲ್ಲನ್ನು ಹಾಸಿಗೆ ಹೊದಿಕೆಯಿಂದ ಮುಚ್ಚಿ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದೆ. ದಿನೇಶ ಮಂಗಳೂರಿನಲ್ಲಿ ವಿಮಾನದಿಂದ ಇಳಿದವನು ತನ್ನ ಮನೆಗೂ ಹೋಗದೆ, ಬ್ಯಾಗಿನ ಸಮೇತ ನಮ್ಮಲ್ಲಿಗೇ ಬಂದ. ಅಮ್ಮನ ಕಾಲಿಗೆ ಬಿದ್ದ, ನೀರು ಕುಡಿದ, "ಭಾವ, ಎಲ್ಲಿ?" ಎಂದ.

"ಮೊದಲು ಊಟ ಮಾಡು. ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದಾಳೆ ನಿನ್ನಕ್ಕ."

"ಒಮ್ಮೆ ನೋಡಿ ಊಟ ಮಾಡ್ತೇನೆ."

"ಪ್ರಯಾಣದ ಆಯಾಸ…"

ಅವನು ಆಗಲೇ ಹೊದಿಕೆ ಎಳೆದಿದ್ದ. ಬಗ್ಗಿದ. ಅಚ್ಚಿನ ಮೇಲೆ ಬೆರಳಾಡಿಸಿದ. ತುಂಬ ಹೊತ್ತು ಬಗ್ಗಿಯೇ ಇದ್ದ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಬಹಳ ಆಸಕ್ತಿಯಿಂದ ಏಕಾದಶಿ ಹುಡುಕುತ್ತಿದ್ದೆ.

"ಭಾವ, ಇದನ್ನು ಯಾವ ಕಡೆಗೆ ತಿರುಗಿಸಿದ್ದು?"

"ಬಲಕ್ಕೇ!" ಅಮ್ಮ ಒಳಗಿನಿಂದ ಹೆಮ್ಮೆಯಿಂದ ಕೂಗಿದರು. "ನಾನೇ ಎದುರು ನಿಂತು ಹಾಕಿಸಿದ್ದು ಮಗಾ. ಇವ ಎಡಕ್ಕೆ ಹಾಕಲಿಕ್ಕೆ ಹೊರಟಿದ್ದ!"

ದಿನೇಶ ಮೆಲ್ಲಗೆ ನೆಲದ ಮೇಲೆ ಕೂತ. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಇಷ್ಟು ದೂರದಿಂದ, ಇಷ್ಟು ಸಣ್ಣ ರಜೆಯಲ್ಲಿ, ಇದೊಂದಕ್ಕಾಗಿ ಬಂದವನು. ಕೂಗಾಡಿದ್ದರೆ ವಾಸಿಯಿತ್ತು. ಅವನು ಅಮ್ಮನಿಗೆ ಕೇಳುವಂತೆ, "ಒಳ್ಳೇದಾಯ್ತು ಅತ್ತೆ" ಎಂದಷ್ಟೇ ಹೇಳಿ ಊಟಕ್ಕೆ ಎದ್ದ. ಬಂಗುಡೆಯಲ್ಲಿ ಅರ್ಧ ಹಾಗೇ ಬಿಟ್ಟ. ಅಂಥದ್ದು ಆ ಹುಡುಗನ ಜೀವನದಲ್ಲೇ ಆದದ್ದಿಲ್ಲ.

ಮರುದಿನ ಹಮೀದಾಕನ ಗುಜರಿ ಟೆಂಪೊದಲ್ಲಿ ಸೈಕಲ್ಲನ್ನು ಹೇರಿಕೊಂಡು ಕಾಮತರಲ್ಲಿಗೆ ಹೋದೆವು. ಮಾಳಿಗೆಗೆ ಹೊತ್ತು ತಂದ ನನ್ನ ಏದುಸಿರು ಕೇಳಿ ಕಾಮತರು ಎದ್ದು ಕುರ್ಚಿ ಕೊಟ್ಟರು. ಆಮೇಲೆ ಸೈಕಲ್ ನೋಡಿ ತಾವೇ ಕುರ್ಚಿಯಲ್ಲಿ ಕೂತರು.

"ಇದು ಯಾರು ಮಾಡಿದ್ದು?"

ದಿನೇಶ ನನ್ನ ಕಡೆ ನೋಡಲಿಲ್ಲ. "ಯಾರೋ ಭಾವಂದಿರು" ಎಂದ.

ಅಚ್ಚನ್ನು ಹೊರತೆಗೆಯಲು ಅರ್ಧ ದಿನ ಹಿಡಿಯಿತು. ಕೊಳವೆಯೊಳಗಿನ ಥ್ರೆಡ್ಡನ್ನು ಪುನಃ ಹರಿತ ಮಾಡುವ ಹತಾರವೊಂದನ್ನು ಕಾಮತರು ಎಲ್ಲಿಂದಲೋ ಎರವಲು ತಂದು ತಿರುಗಿಸಿದರು. ಎಡಕ್ಕೆ! ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಅರ್ಧ ಥ್ರೆಡ್ ಹೋಗಿದೆ, ಅರ್ಧ ಉಂಟು" ಎಂದರು. "ಹೊಸ ಬಿ.ಬಿ. ಹಾಕಿ ಕೊಡ್ತೇನೆ. ಹಿಡಿದ್ರೆ ಹಿಡೀತು. ಘಾಟಿಯಲ್ಲಿ ಬಲವಾಗಿ ತುಳಿಯುವಾಗ ಬಿಟ್ಟರೆ ಮತ್ತೆ ಆ ಫ್ರೇಮಿನ ಆಸೆ ಬಿಡಿ."

ಹೀಗೆ ಆ ಶುಭಪ್ರಯಾಣ ಆರಂಭವಾಯಿತು. ನಾನೂ ಪಕ್ಕದಲ್ಲಿ ನನ್ನ ಸೈಕಲ್ಲಿನಲ್ಲಿ ಹೋಗುವುದೆಂದು ಮೊದಲಿನ ತೀರ್ಮಾನ. ಈಗ ನನಗೆ ಟೆಂಪೊದಲ್ಲಿ ಹಮೀದಾಕನ ಪಕ್ಕದ ಸೀಟು ಕೊಟ್ಟರು. ಟೂಲಿನ ಚೀಲವನ್ನು ನನ್ನ ಕೈಗೆ ಸಿಗದಂತೆ ಹಿಂದೆ ಇಟ್ಟಿದ್ದರು. ಮುಂದೆ ದಿನೇಶ, ಹಿಂದೆ ಸೈಕಲ್ಲಿನ ವೇಗದಲ್ಲಿ ನಾವು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಾನು ಆ ಅಚ್ಚನ್ನೇ ಆಲಿಸುತ್ತಿದ್ದೆ. ಮಗಳ ನಿಶ್ಚಿತಾರ್ಥಕ್ಕೂ ನಾನು ಅಷ್ಟು ಹರಕೆ ಹೊತ್ತಿರಲಿಲ್ಲ.

ಬೆಳ್ಮಣ್ ದಾಟಿದ ಏರಿನಲ್ಲಿ ಕೇಳಿಸಿತು. ಕಟ್. ಕಟ್. ಕಟ್.

"ನಿಲ್ಲಿಸಿ! ಹೋಯ್ತು! ಹೋಯ್ತು!" ಎಂದು ಕಿರುಚಿದೆ. ಹಮೀದಾಕ ಬ್ರೇಕ್ ಹಾಕಿದ ಹೊಡೆತಕ್ಕೆ ನನ್ನ ಹಣೆ ಗಾಜಿಗೆ ಬಡಿಯಿತು. ದಿನೇಶ ಸೈಕಲ್ ಬಿಟ್ಟು ಬಗ್ಗಿದ. ಅಚ್ಚು ಅಲ್ಲಾಡಿಸಿ ನೋಡಿದ. ಪೆಡಲು ತಿರುಗಿಸಿ ನೋಡಿದ. ಎಲ್ಲವೂ ಗಟ್ಟಿಯಿತ್ತು. ಸದ್ದು ಮಾತ್ರ ಬರುತ್ತಲೇ ಇತ್ತು, ಕಟ್, ಕಟ್.

"ಭಾವ, ಅದು ನಿಮ್ಮ ಟೆಂಪೊದ್ದು" ಎಂದ.

ಹಮೀದಾಕ ನಾಚದೆ ಒಪ್ಪಿಕೊಂಡರು. "ಹೌದು ಹೌದು, ಅದು ಎರಡು ವರ್ಷದಿಂದ ಉಂಟು."

ಕಾರ್ಕಳ ಬಂತು, ಹೋಯಿತು. ಬಜಗೋಳಿಯಲ್ಲಿ ಹೋಟೆಲಿನ ಎದುರು ದಿನೇಶ ಸೈಕಲ್ ನಿಲ್ಲಿಸಿದ. ಬೆವರಿನಲ್ಲಿ ತೊಯ್ದಿದ್ದ, ಮುಖದಲ್ಲಿ ಮಾತ್ರ ಹಬ್ಬ. ಗೋಳಿಬಜೆಯನ್ನು ಚಟ್ನಿಯಲ್ಲಿ ಮುಳುಗಿಸಿ ತಿನ್ನುತ್ತ ಎದುರಿನ ನೀಲಿ ಗುಡ್ಡಗಳನ್ನು ಎಷ್ಟೋ ಹೊತ್ತು ನೋಡಿದ. "ಅಲ್ಲಿ ಎಸಿ ಕೆಟ್ಟ ದಿನ ಕಣ್ಣು ಮುಚ್ಚಿ ಈ ರಸ್ತೆಯನ್ನೇ ನೆನೆಸಿಕೊಳ್ತಿದ್ದೆ ಭಾವ" ಎಂದ. ಮತ್ತೆ ಎದ್ದು ಘಾಟಿಯ ಕಡೆಗೆ ಹೊರಟ. ಚಟ್ನಿ ಬಟ್ಟಲಿನಷ್ಟಿದ್ದ ಆ ಪುಟ್ಟ ಚಕ್ರ ಚೈನನ್ನು ಕಚ್ಚಿಕೊಂಡು ಇರುವೆಯ ಹಾಗೆ ಏರನ್ನು ಏರತೊಡಗಿತು. ಅಚ್ಚು ಹಿಡಿಯಿತು. ಮೇಲಿನವರೆಗೂ ಹಿಡಿಯಿತು! ತುದಿಯಲ್ಲಿ ಅವನು ಎರಡೂ ಕೈ ಮೇಲೆತ್ತಿ ಕೂಗು ಹಾಕಿದಾಗ, ಹೇಳಿಕೊಳ್ಳಬಾರದು, ಟೆಂಪೊದೊಳಗೆ ನನಗೂ ಕಣ್ಣು ಒದ್ದೆಯಾಯಿತು. ಹಮೀದಾಕ ತಮ್ಮ ಹೆಗಲ ವಸ್ತ್ರ ಕೊಟ್ಟರು. ಅದರಲ್ಲಿ ಗ್ರೀಸಿತ್ತು.

ರಜೆ ಮುಗಿಯುತ್ತ ಬಂದಾಗ ದಿನೇಶ ನನ್ನನ್ನು ಬದಿಗೆ ಕರೆದ.

"ಭಾವ, ನಾನು ಬರುವವರೆಗೆ ಸೈಕಲ್ ಇಲ್ಲೇ ಇರಲಿ."

ಕ್ಷಮೆ ಸಿಕ್ಕಿತೆಂದು ನನ್ನ ಎದೆ ಉಬ್ಬಿತು. "ಅದಕ್ಕೆಂತ, ನಾನು ತಿಂಗಳಿಗೊಮ್ಮೆ ಎಣ್ಣೆ ಹಾಕಿ, ಅಲ್ಲಲ್ಲಿ ಸ್ವಲ್ಪ ಬಿಗಿ ಮಾಡಿ…"

"ಅದೇ ಭಾವ" ಎಂದು ನನ್ನ ಕೈ ಹಿಡಿದುಕೊಂಡ. "ಅದೊಂದು ಮಾಡಬೇಡಿ."

ಅವನು ವಿಮಾನ ಹತ್ತುವ ಮೊದಲೇ ಸುಮತಿ ಸೈಕಲ್ಲನ್ನು ಒಳಕೋಣೆಗೆ ಸಾಗಿಸಿ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಕರಿಮಣಿಗೆ ಕಟ್ಟಿಕೊಂಡಳು. ಈಗ ನಮ್ಮ ಮನೆಯಲ್ಲಿ ಬೀಗದೊಳಗಿರುವುದು ಎರಡೇ ವಸ್ತು. ಒಂದು ಅವಳ ಚಿನ್ನ, ಇನ್ನೊಂದು ಅವಳ ತಮ್ಮನ ಸೈಕಲ್.

ಚಿನ್ನಕ್ಕೆ ಕಳ್ಳರ ಭಯ. ಸೈಕಲ್ಲಿಗೆ ನನ್ನದು!